ಹುಲ್ಲಿಗೊಂದು ಇರುಳು

ಕ್ರಿಕೆಟ್ ಕಪ್ಪಿನ ಫೈನಲ್ ಈ ಸಲ ನಮ್ಮೂರಿನಲ್ಲೇ ಎಂದು ಇಮಾಮ್ ಸೈಕಲ್ ತುಳಿಯುತ್ತಲೇ ಕೂಗಿಕೊಂಡು ಬಂದಾಗ ನಾನು ಮೈದಾನದ ನಡುವೆ ನೀರಿನ ಪೈಪು ಹಿಡಿದು ನಿಂತಿದ್ದೆ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪೈಪು ಕೈಜಾರಿತು. ಅದು ಹಾವಿನಂತೆ ಹೊರಳಾಡಿ ನನ್ನನ್ನೂ ಅವನನ್ನೂ ಅವನ ಸೈಕಲ್ಲನ್ನೂ ತೋಯಿಸಿತು. ಇಬ್ಬರೂ ಒದ್ದೆಯಾಗಿ ನಿಂತು ಹುಚ್ಚರಂತೆ ನಕ್ಕೆವು.

“ಚೀಟಿ ಎತ್ತಿದ್ರು ಶಿವಲೀಲಕ್ಕ, ನಮ್ಮೂರ ಹೆಸರು ಬಂತು! ಹೊಳಿಯಾಚಿ ಊರಿನವರ ಜೋಡಿ ಫೈನಲ್. ನಮ್ಮ ಗ್ರೌಂಡಿನ್ಯಾಗ. ಈ ಬ್ಯಾಸಗ್ಯಾಗ!”

“ಬ್ಯಾಸಗ್ಯಾಗ?” ಎಂದೆ. ನನ್ನ ನಗು ಅಲ್ಲಿಗೇ ನಿಂತಿತು.

ನಮ್ಮೂರಿನ ಬೇಸಿಗೆಯ ಸಂಗತಿ ಸುತ್ತಲಿನವರಿಗೆಲ್ಲ ಗೊತ್ತು. ಹೋಳಿ ಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ಸೂರ್ಯ ಪಡುವಣ ಗುಡ್ಡದ ನೆತ್ತಿಯವರೆಗೆ ಇಳಿದು ಬರುತ್ತಾನೆ, ಮುಳುಗುವುದಿಲ್ಲ. ಗುಡ್ಡಗಳ ಅಂಚು ಹಿಡಿದು ಉರುಳುತ್ತ ಉರುಳುತ್ತ ಊರನ್ನು ಬಳಸಿಕೊಂಡು ಮೂಡಣಕ್ಕೆ ಹೋಗಿ ಅಲ್ಲಿಂದ ಮತ್ತೆ ಏರುತ್ತಾನೆ. ಮೊದಲ ಮಳೆ ಬೀಳುವವರೆಗೂ ಹೀಗೆಯೇ. ಅಲ್ಲಿಯತನಕ ನಮಗೆ ರಾತ್ರಿ ಎಂದರೆ ಹತ್ತಿ ಮಿಲ್ಲಿನ ಭೋಂಗಾ ಒಮ್ಮೆ ಕೂಗುವುದು, ಬೆಳಗು ಎಂದರೆ ಅದೇ ಭೋಂಗಾ ಮತ್ತೊಮ್ಮೆ ಕೂಗುವುದು. ಮನೆಮನೆಗೂ ಇರುಳುಬಟ್ಟೆ ಇದೆ. ಕೈಮಗ್ಗದಲ್ಲಿ ನೇಯ್ದ, ಕಂಬಳಿಯಷ್ಟು ದಪ್ಪದ ಕರಿಯ ಬಟ್ಟೆ. ರಾತ್ರಿಯ ಭೋಂಗಾ ಕೂಗಿದೊಡನೆ ಕಿಟಕಿ ಬಾಗಿಲಿಗೆಲ್ಲ ಅದನ್ನು ಇಳಿಬಿಟ್ಟು, ತಮ್ಮ ತಮ್ಮ ಪಾಲಿನ ಕತ್ತಲೆ ಮಾಡಿಕೊಂಡು ಜನ ಮಲಗುತ್ತಾರೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೀರೆ ಕಡಿಮೆಯಾದರೂ ನಡೆದೀತು, ಇರುಳುಬಟ್ಟೆ ಕೊಡದೆ ಯಾರೂ ಕಳಿಸುವುದಿಲ್ಲ. ಕಳ್ಳರು ಆ ತಿಂಗಳುಗಳಲ್ಲಿ ಹೊಳೆಯಾಚೆಯ ಊರುಗಳಿಗೆ ಹೋಗಿಬಿಡುತ್ತಾರೆ. ಕೋಳಿಗಳು ತಮಗೆ ತೋಚಿದಾಗ ಕೂಗುತ್ತವೆ, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಜನರೇನೋ ಹೊಂದಿಕೊಂಡರು. ಹುಲ್ಲು ಹೊಂದಿಕೊಳ್ಳಲಿಲ್ಲ. ಈ ಮೈದಾನ ಕಾಯುವ ಕೆಲಸ ನನಗೆ ಸೋದರಮಾವನಿಂದ ಬಂದದ್ದು. ಅವನು ತೀರಿಕೊಂಡ ಮೇಲೆ ಯಾರನ್ನು ಇಡೋಣ ಎಂದು ಊರಿನ ಹಿರಿಯರು ಯೋಚಿಸುವಷ್ಟರಲ್ಲಿ ನಾನೇ ನೀರು ಬಿಡಲು ಶುರುಮಾಡಿದ್ದೆ, ಬ್ಯಾಡ ಎಂದು ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ, ಚಳಿಯಲ್ಲಿ ನನ್ನ ಗರಿಕೆ ನೋಡಬೇಕು ನೀವು. ಕಾಲಿಟ್ಟರೆ ಹೂತುಹೋಗುವಂತಿರುತ್ತದೆ. ಆದರೆ ಕಪ್ಪಿನ ಆಟಗಳೆಲ್ಲ ನಡೆಯುವುದು ಬೇಸಿಗೆಯಲ್ಲಿ. ಆಗ ಬಿಡುವಿಲ್ಲದ ಬಿಸಿಲಿಗೆ ಹುಲ್ಲು ಮೊದಲು ಹಳದಿಯಾಗುತ್ತದೆ, ಆಮೇಲೆ ಸುಟ್ಟ ಹಪ್ಪಳದಂತೆ ಪುಡಿಪುಡಿಯಾಗುತ್ತದೆ, ಪಿಚ್ಚು ಬಾಯಿ ಬಿಡುತ್ತದೆ. ಹೀಗಾಗಿ ನಮ್ಮ ಹುಡುಗರು ಯಾವಾಗಲೂ ಪರವೂರಿನ ಮೈದಾನಗಳಿಗೇ ಆಡಲು ಹೋಗುತ್ತಿದ್ದರು. ಮ್ಯಾಚಿನ ಸುದ್ದಿ ನನಗೆ ಅವರ ಬಾಯಿಂದಲೇ ಗೊತ್ತಾಗಬೇಕು. ಇಷ್ಟು ವರ್ಷ ಮೈದಾನ ಕಾಯ್ದ ನಾನು ಒಂದೇ ಒಂದು ಕಪ್ ಮ್ಯಾಚನ್ನೂ ಅದರ ಮೇಲೆ ಕಂಡವಳಲ್ಲ.

ಇಮಾಮ್ ನಮ್ಮ ತಂಡದ ಕ್ಯಾಪ್ಟನ್. ಬಸ್ ಸ್ಟ್ಯಾಂಡಿನ ಹತ್ತಿರ ಅವನ ಪಂಕ್ಚರ್ ಅಂಗಡಿ. ಸೈಕಲ್ಲಿಗೆ ಒರಗಿ ಅವನು ಉಳಿದ ಸುದ್ದಿಯನ್ನೂ ಹೇಳಿದ. ಮೊದಲು ಇನಾಮದಾರ ಸಾಹೇಬರು ಎಂಬ ಹಳೆಯ ಅಂಪೈರ್ ಬಂದು ಮೈದಾನ ನೋಡುತ್ತಾರಂತೆ. ಹಸಿರು ಇರಬೇಕು, ಪಿಚ್ಚು ಗಟ್ಟಿ ಇರಬೇಕು. ಇಲ್ಲವಾದರೆ ಮ್ಯಾಚು ಹೊಳೆಯಾಚೆಗೆ.

“ಆಗ್ತೈತೇನಕ್ಕ?” ಎಂದ. ಅವನ ಕಣ್ಣು ನೋಡಿದರೆ ಆಗುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ಆಗಬೇಕು,” ಎಂದೆ.

ನೀರಿಗೇನೂ ಕೊರತೆಯಿರಲಿಲ್ಲ. ಮಿಲ್ಲಿನ ಕೆರೆಯಿಂದ ಬೇಕಾದಷ್ಟು ಬರುತ್ತಿತ್ತು. ಹುಲ್ಲನ್ನು ಸಣ್ಣಗೆ ಕತ್ತರಿಸುವುದನ್ನು ಬಿಟ್ಟೆ. ಸಗಣಿಗೊಬ್ಬರ ಜರಡಿ ಹಿಡಿದು, ಮರಳು ಕೂಡಿಸಿ ಎರಚಿದೆ. ಪಿಚ್ಚಿನ ಮೇಲೆ ಗೋಣಿಚೀಲ ತೋಯಿಸಿ ಹಾಸಿದೆ. ಏನು ಮಾಡಿದರೂ ಹುಲ್ಲಿನ ಮುಖ ಅರಳಲಿಲ್ಲ. ನೀರು ಕುಡಿಯುತ್ತಿತ್ತು, ಹಳದಿಯಾಗುತ್ತಿತ್ತು. ನಾಲ್ಕು ದಿನ ಕಣ್ಣು ಮುಚ್ಚದವರ ಮುಖದಂತೆ ಮೈದಾನ ಬಿಳಿಚಿಕೊಂಡಿತ್ತು.

ಆ ಬೇಸಿಗೆ ಮೊದಲ ಸಲ ನಾನೂ ನನ್ನ ಗಂಡನೂ ಮೈದಾನದ ಮೂಲೆಯಲ್ಲೇ ಮಲಗುತ್ತಿದ್ದೆವು, ಗಾಳಿ ಬರುತ್ತದೆ ಎಂದು. ಗಂಡ ಗುರುಶಾಂತಪ್ಪ ಟೇಲರ್. ಕ್ರಿಕೆಟ್ ಎಂದರೆ ಆತನಿಗೆ ಆಗದು. ಒಂದು ಚೆಂಡಿನ ಹಿಂದೆ ಅಷ್ಟು ಜನ ಯಾಕೆ ಓಡಬೇಕು, ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಆಯಿತಲ್ಲ ಎಂಬ ಹಳೆಯ ಮಾತನ್ನೇ ಹೇಳುವವ. ನಾಲ್ಕು ಬಿದಿರು ನೆಟ್ಟು, ನಮ್ಮ ಇರುಳುಬಟ್ಟೆಯನ್ನು ಸುತ್ತ ನೆಲದವರೆಗೆ ಇಳಿಬಿಟ್ಟು, ಒಳಗೆ ಹಗ್ಗದ ಮಂಚ ಹಾಕುತ್ತಿದ್ದ. ಒಂದು ಬೆಳಗಿನ ಭೋಂಗಾ ಆದ ಮೇಲೆ ಮಂಚ ಎತ್ತಿಡಲು ಬಗ್ಗಿದವನು ಹಾಗೆಯೇ ನಿಂತ.

“ಲೀಲಾ, ಬಾ ಇಲ್ಲೆ. ಇಲ್ಲಿ ಏನು ಗೊಬ್ಬರ ಹಾಕೀದಿ?”

“ಎಲ್ಲಿ?”

“ಮಂಚದ ಕೆಳಗ.”

ಹೋಗಿ ನೋಡಿದೆ. ಮಂಚ ಇದ್ದಷ್ಟು ಜಾಗ, ಬಟ್ಟೆಯ ನಾಲ್ಕು ಅಂಚಿನವರೆಗೂ, ಗರಿಕೆ ಕಡುಹಸಿರಾಗಿ ನಿಂತಿತ್ತು. ಬಟ್ಟೆಯ ಅಂಚಿನಿಂದ ಒಂದು ಬೆರಳು ಆಚೆಗೆ ಅದೇ ಬಿಳಿಚು ಹಳದಿ. ಅಲ್ಲಿ ನಾನು ಗೊಬ್ಬರವನ್ನೂ ಹಾಕಿರಲಿಲ್ಲ, ನೀರನ್ನೂ ಬಿಟ್ಟಿರಲಿಲ್ಲ. ಅಲ್ಲಿಯೇ ಕುಕ್ಕರಿಸಿ ಕುಳಿತು ಅದರ ಮೇಲೆ ಅಂಗೈ ಆಡಿಸಿದೆ. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

“ಏನಾತು?” ಎಂದ ಗಂಡ.

“ನಮ್ಮ ಜೋಡಿ ಇದೂ ಮಕ್ಕೊಂಡೈತ್ರಿ. ಇದಕ್ಕ ನೀರಲ್ಲ ಬೇಕಾದದ್ದು, ನಿದ್ದಿ!”

ಅಂದು ಸಂಜೆಯೇ ಇಮಾಮ್ ಊರವರನ್ನೆಲ್ಲ ಮೈದಾನಕ್ಕೆ ಕರೆಸಿದ. ಆ ಹಸಿರು ತುಂಡನ್ನು ಜನ ಸುತ್ತುಗಟ್ಟಿ ನಿಂತು ನೋಡಿದರು. ಮಂಚದಷ್ಟೇ ಉದ್ದ, ಮಂಚದಷ್ಟೇ ಅಗಲ. ಇಡೀ ಮೈದಾನಕ್ಕೆ ಪ್ರತಿದಿನ ಒಂದಷ್ಟು ಹೊತ್ತು ಕತ್ತಲೆ ಮಾಡಬೇಕು ಎಂದೆ. ಅದಕ್ಕೆ ಊರಿನ ಇರುಳುಬಟ್ಟೆಗಳೆಲ್ಲ ಬೇಕಾಗುತ್ತವೆ ಎಂದೆ. ನಾನು ಕೇಳುತ್ತಿದ್ದುದು ಅವರ ಮನೆಯ ಬಟ್ಟೆಯನ್ನಲ್ಲ, ಅವರ ನಿದ್ದೆಯನ್ನು.

ಗುಂಪಿನಲ್ಲಿ ಗುಜುಗುಜು ಎದ್ದಿತು. “ಹುಲ್ಲು ಮಕ್ಕೊಳ್ಳಿ ಅಂತ ನಾವು ಎಚ್ಚರ ಇರೋದಾ?” ಎಂದು ಹಿಟ್ಟಿನ ಗಿರಣಿಯ ಯಜಮಾನ ಕೇಳಿದ. ನಗೆ ಎದ್ದಿತು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇಮಾಮ್ ಕಟ್ಟೆಯ ಮೇಲೆ ಹತ್ತಿದ. “ನೋಡ್ರಿಪಾ, ಪ್ರತಿ ವರ್ಷ ನಾವ ಅವರೂರಿಗೆ ಹೋಗ್ತೇವಿ. ಅವರ ಗ್ರೌಂಡು, ಅವರ ಜನ, ಅವರ ಚಪ್ಪಾಳಿ. ನಾವು ಸಿಕ್ಸ್ ಹೊಡದ್ರ ಒಂದು ನಾಯಿ ಸುದ್ದಾ ಬೊಗಳಂಗಿಲ್ಲ. ನಮ್ಮವ್ವ ನಾನು ಆಡೋದನ್ನ ಇವತ್ತಿನ ತನಕ ನೋಡಿಲ್ಲ. ನಿಮ್ಮ ಮಕ್ಕಳ ಆಟ ನೀವು ನೋಡೀರೇನು? ಸ್ವಲ್ಪ ದಿನ ಅಷ್ಟ. ಆಮ್ಯಾಲ ಎಲ್ಲರೂ ಕೂಡಿ ಮಕ್ಕೊಳ್ಳೋಣಂತ!” ಹಾಗೆಂದವನು ಇಳಿದು, ಮನೆಗೆ ಓಡಿ, ತನ್ನ ಇರುಳುಬಟ್ಟೆಯನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಕಾಲ ಬಳಿ ಧೊಪ್ಪನೆ ಹಾಕಿದ. ಹಿಂದೆಯೇ ಅವನ ತಾಯಿ ಇನ್ನೊಂದನ್ನು ಎಳೆದುಕೊಂಡು ಬಂದಳು.

ಅದಾದ ಮೇಲೆ ತಡೆಯುವವರೇ ಇಲ್ಲ. ಕೈಗಾಡಿಯ ಮೇಲೆ ಬಂದವು, ತಲೆಯ ಮೇಲೆ ಬಂದವು, ಎಮ್ಮೆಯ ಬೆನ್ನ ಮೇಲೂ ಒಂದು ಬಂತು. ಹೊಸ ಮದುಮಗಳೊಬ್ಬಳು ಇನ್ನೂ ಮಡಿಕೆ ಬಿಚ್ಚದ ಬಟ್ಟೆ ತಂದುಕೊಟ್ಟು ಗಂಡನ ಮುಖ ನೋಡಿ ನಾಚಿದಳು. ಹಿಟ್ಟಿನ ಗಿರಣಿಯವನು ಗೊಣಗುತ್ತಲೇ ಎರಡು ತಂದ.

ಕೊಡದೆ ಉಳಿದವಳು ಒಬ್ಬಳೇ, ಊರಿಗೆಲ್ಲ ಅತ್ತೆಯಾದ ಅಂಬವ್ವತ್ತಿ. ಮೈದಾನದ ಮಗ್ಗುಲಲ್ಲೇ ಅವಳ ಮನೆ. ಹೊಳೆಯಾಚೆಯ ಊರಿನಿಂದ ಮದುವೆಯಾಗಿ ಬಂದವಳು. ಇಲ್ಲಿ ಹುಟ್ಟಿ ಬೆಳೆದ ನಾವು ಬೆಳಕಿನಲ್ಲೂ ಅಲ್ಲಲ್ಲಿ ಒಂದು ಜೊಂಪು ತೆಗೆಯಬಲ್ಲೆವು. ಅವಳಿಗೆ ಮುಪ್ಪು ಬಂದರೂ ಅದು ಒಗ್ಗಲಿಲ್ಲ. ಒಂದು ಎಳೆಯಷ್ಟು ಬೆಳಕು ಒಳಗೆ ಬಂದರೂ ಕಣ್ಣು ಬಿಟ್ಟುಕೊಂಡೇ ಬಿದ್ದಿರುವಳು, ಮರುದಿನ ತಲೆಸಿಡಿತ ಹತ್ತಿ ಒದ್ದಾಡುವಳು. ಬಾಗಿಲಲ್ಲೇ ನಿಂತು ಹೇಳಿದಳು, “ತಂಗಿ, ಬ್ಯಾರೆ ಏನರ ಕೇಳು, ಕೊಡ್ತೇನಿ. ಇದನ್ನ ಕೇಳಬ್ಯಾಡ.” ನಾನು ಕೈಮುಗಿದು ಬಂದೆ. ಊರಿನವರೂ ಅವಳನ್ನು ಒಂದು ಮಾತು ಅನ್ನಲಿಲ್ಲ.

ಗುರುಶಾಂತಪ್ಪ ಮಷೀನನ್ನು ಮೈದಾನದ ಕಟ್ಟೆಗೆ ತಂದಿಟ್ಟು ಹೊಲಿಯಲು ಕುಳಿತ. ಕ್ರಿಕೆಟ್ಟನ್ನು ಬೈಯುತ್ತ ಹೊಲಿದ, ಬೈಯುತ್ತಲೇ ಚಹಾ ಕುಡಿದ. ಹೊಲಿಗೆ ಬಲ್ಲ ಹೆಂಗಸರೆಲ್ಲ ಸೂಜಿ ದಾರ ತಂದು ಅವನ ಸುತ್ತ ಕುಳಿತರು. ಬಟ್ಟೆಗೆ ಬಟ್ಟೆ ಸೇರಿ ಕರಿಯ ಕೆರೆಯೊಂದು ಕಟ್ಟೆಯಿಂದ ಹರಿದು ಬಂದಂತೆ ಬೆಳೆಯಿತು. ಬಡಗಿಗಳು ಮೈದಾನದ ಸುತ್ತ ಬಿದಿರು ನೆಟ್ಟರು, ನಡುವೆ ಮಿಲ್ಲಿನ ಹಗ್ಗ ಎಳೆದರು. ಮೊದಲ ದಿನ ರಾತ್ರಿಯ ಭೋಂಗಾ ಕೂಗಿದಾಗ ಊರಿನ ಅರ್ಧ ಜನ ಒಂದು ಅಂಚು ಹಿಡಿದರು, ಇನ್ನರ್ಧ ಇನ್ನೊಂದು ಅಂಚು. “ಎಳೀರೋ!” ಎಂದು ಇಮಾಮ್ ಕೂಗಿದ. ಬಟ್ಟೆ ಬಿದಿರಿನಿಂದ ಬಿದಿರಿಗೆ ಉಬ್ಬುತ್ತ ತೇಲುತ್ತ ಹೋಯಿತು. ನಮ್ಮ ಹುಲ್ಲಿನ ಮೇಲೆ ಬೇಸಿಗೆಯಲ್ಲಿ ಮೊಟ್ಟಮೊದಲ ಸಲ ಇರುಳು ಬಿತ್ತು. ಜನ ಚಪ್ಪಾಳೆ ಹೊಡೆಯಲು ಹೋದರು. “ಶ್!” ಎಂದೆ ನಾನು. ಎಲ್ಲರೂ ತುದಿಗಾಲಲ್ಲಿ ಹೊರಗೆ ಬಂದರು. ಆಮೇಲೆ ನಮಗೆ ನಮ್ಮ ಹುಚ್ಚಾಟ ನೆನೆದೇ ನಗು ಬಂತು.

ಇತ್ತ ಊರಿಗೆ ನಿದ್ದೆಯಿಲ್ಲ. ಬಟ್ಟೆಯಿಲ್ಲದ ಕಿಟಕಿಗಳಿಂದ ಬಿಸಿಲು ಮನೆಯೊಳಗೆ ಬಂದು ಕುಳಿತಿತ್ತು. ಚಹಾದಂಗಡಿಗಳು ಬಾಗಿಲು ಮುಚ್ಚುವುದನ್ನೇ ಬಿಟ್ಟವು. ಕ್ಷೌರಿಕ ಮಾಯಪ್ಪ ಒಬ್ಬನಿಗೇ ಎರಡು ಸಲ ಗಡ್ಡ ಹೆರೆದ, ಹೆರೆಸಿಕೊಂಡವನಿಗೂ ಅದು ತಿಳಿಯಲಿಲ್ಲ. ಮಾಸ್ತರರು ಹಾಜರಿ ಕರೆಯುತ್ತಾ ನಡುವೆಯೇ ತೂಕಡಿಸಿದರು. ಗಂಡಹೆಂಡಿರ ಜಗಳಗಳು ಹೆಚ್ಚಿದವು, ಜಗಳದ ಕಾರಣ ಅರ್ಧಕ್ಕೇ ಮರೆತು ರಾಜಿಯೂ ಆದವು. ಆದರೆ ಬೆಳಗಿನ ಭೋಂಗಾಕ್ಕೆ ಬಟ್ಟೆ ಸುತ್ತಿಡಲು ಬಂದಾಗ ಆ ಕೆಂಪು ಕಣ್ಣುಗಳೆಲ್ಲ ಹುಲ್ಲಿನ ಮೇಲೆಯೇ ಇರುತ್ತಿದ್ದವು. ಒಂದು ದಿನ ಹಳದಿಯ ನಡುವೆ ಹಸಿರು ಚಿಗುರಿನ ಚುಕ್ಕೆಗಳು ಕಂಡವು. ಮತ್ತೊಂದು ದಿನ ಚುಕ್ಕೆಗಳು ಕೂಡಿಕೊಂಡವು. ಜನ ಬೇಲಿಯಾಚೆ ನಿಂತು ತೊಟ್ಟಿಲ ಕೂಸನ್ನು ತೋರಿಸುವಂತೆ ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ನಾನು ಪಿಚ್ಚಿಗೆ ನೀರು ಹಾಕಿ, ಕಲ್ಲಿನ ರೋಲರ್ ಎಳೆಸಿ, ಮತ್ತೆ ನೀರು ಹಾಕಿ, ಮತ್ತೆ ಎಳೆಸಿದೆ. ಬಿರುಕುಗಳು ಮುಚ್ಚಿಕೊಂಡವು. ನನಗೂ ನಿದ್ದೆಯಿರಲಿಲ್ಲ, ಆದರೆ ದಣಿವೇ ತಿಳಿಯುತ್ತಿರಲಿಲ್ಲ. ಕಾಲಿಗೆ ಯಾರೋ ಸ್ಪ್ರಿಂಗ್ ಕಟ್ಟಿದಂತೆ ಓಡಾಡುತ್ತಿದ್ದೆ.

ಇನಾಮದಾರ ಸಾಹೇಬರು ನಾಡಿದ್ದು ಬೆಳಿಗ್ಗೆ ಬರುತ್ತಾರೆ ಎಂದು ಸುದ್ದಿ ಬಂದ ದಿನ, ರಾತ್ರಿಯ ಭೋಂಗಾ ಕೂಗಿ ಬಟ್ಟೆ ಎಳೆದು ಮುಗಿಸಿದ್ದೆವು. ಆಗ ಗುಡ್ಡದ ಕಡೆಯಿಂದ ಸುಂಟರಗಾಳಿ ಎದ್ದಿತು. ಮೊದಲು ಧೂಳು, ಆಮೇಲೆ ತರಗೆಲೆ, ಆಮೇಲೆ ಬಿದಿರುಗಳು ಒಂದರ ಹಿಂದೊಂದು ಕಿತ್ತುಕೊಂಡವು. ಬಟ್ಟೆ ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಂಡಂತೆ ಉಬ್ಬಿ, ಹಗ್ಗ ಹರಿದುಕೊಂಡು ಮೇಲೆದ್ದಿತು. ಮೈದಾನದಷ್ಟು ದೊಡ್ಡ ಇರುಳು ಮನೆಗಳ ಮಾಳಿಗೆ ಸವರುತ್ತ ಊರಿನ ಮೇಲೆ ಹಾರಿಹೋಯಿತು!

ಊರಿಗೆ ಊರೇ ಅದರ ಬೆನ್ನು ಹತ್ತಿತು. ಅದು ಹೋದ ಬೀದಿಯಲ್ಲೆಲ್ಲ ಕತ್ತಲೆ ಬಿತ್ತು. ಕತ್ತಲೆ ಬಿದ್ದಲ್ಲೆಲ್ಲ ಕೋಳಿಗಳು ಗೂಡು ಸೇರಿದವು, ಅಳುತ್ತಿದ್ದ ಕೂಸುಗಳು ಸುಮ್ಮನಾದವು. ಅಷ್ಟು ದಿನ ನಿದ್ದೆಗೆಟ್ಟಿದ್ದ ಜನ ಓಡುತ್ತ ಓಡುತ್ತಲೇ ಆಕಳಿಸಿದರು. ಬಟ್ಟೆಯ ಅಡಿಗೆ ಸಿಕ್ಕವರು ಅಲ್ಲಲ್ಲೇ ಕುಳಿತರು, ಕುಳಿತಲ್ಲೇ ಒರಗಿದರು. “ಕತ್ತಲ್ಯಾಗ ಹೋಗಬ್ಯಾಡ್ರೋ, ಬಿಸಲಾಗ ಓಡ್ರಿ!” ಎಂದು ಇಮಾಮ್ ಕೂಗುತ್ತಿದ್ದ. ಹಿಟ್ಟಿನ ಗಿರಣಿಯವನು ನಡುಬೀದಿಯಲ್ಲೇ ಗೊರಕೆ ಹೊಡೆಯುತ್ತಿದ್ದ. ನನ್ನ ಗಂಡ ನನ್ನ ಪಕ್ಕದಲ್ಲೇ ಓಡುತ್ತಿದ್ದವನು ಯಾರದೋ ಮನೆಯ ಕಟ್ಟೆ ಕಂಡು, “ಒಂದ ನಿಮಿಷ ಲೀಲಾ,” ಎಂದು ಕುಳಿತ. ಅವನನ್ನು ಎಳೆದುಕೊಂಡು ಹೋಗುವಷ್ಟು ಹೊತ್ತು ನನಗಿರಲಿಲ್ಲ.

ಕೊನೆಗೆ ಬಟ್ಟೆ ಮಿಲ್ಲಿನ ಚಿಮಣಿಗೆ ಸಿಕ್ಕಿಕೊಂಡು, ಚರ್ರೆಂದು ಹರಿದು, ಹತ್ತಿ ಗೋದಾಮಿನ ಅಂಗಳಕ್ಕೆ ಬಿತ್ತು. ಎಚ್ಚರವಿದ್ದವರು ಸೇರಿ ಹೊತ್ತು ತಂದೆವು. ಮರುದಿನವೆಲ್ಲ ಹೊಲಿಗೆ. ಅಂಚುಗಳ ಹರಕನ್ನು ಗುರುಶಾಂತಪ್ಪ ಕೂಡಿಸಿದ. ಬೆಳಕು ಇಣುಕುತ್ತಿದ್ದ ಸಂದಿಗಳಿಗೆಲ್ಲ ಎರಡೆರಡು ಸುತ್ತು ಹೊಲಿಗೆ ಹಾಕಿಸಿದ. ಆದರೆ ನಟ್ಟನಡುವೆ, ಪಿಚ್ಚಿನ ನೇರಕ್ಕೆ, ಒಂದು ಮನೆಯ ಬಟ್ಟೆಯಷ್ಟು ಭಾಗ ಚಿಂದಿಯಾಗಿತ್ತು. ಅಲ್ಲಿ ಹಾಕಲು ಊರಿನಲ್ಲಿ ಬಟ್ಟೆಯೇ ಉಳಿದಿರಲಿಲ್ಲ.

“ಒಂದ ಮನ್ಯಾಗ ಐತಿ,” ಎಂದ ಇಮಾಮ್ ಮೆಲ್ಲಗೆ.

“ಕೇಳಂಗಿಲ್ಲ,” ಎಂದೆ ನಾನು.

ಅಷ್ಟರಲ್ಲಿ ಜನ ದಾರಿ ಬಿಟ್ಟರು. ಅಂಬವ್ವತ್ತಿ ಬರುತ್ತಿದ್ದಳು. ತಲೆಯ ಮೇಲೆ ಮಡಿಸಿದ ಇರುಳುಬಟ್ಟೆ. ಅದನ್ನು ಮಷೀನಿನ ಮೇಲೆ ಇಟ್ಟು, ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತಳು.

“ಅತ್ತಿ, ನಿಮಗ ತ್ರಾಸ ಆಗ್ತೈತಿ,” ಎಂದೆ.

“ಆಗ್ತೈತಿ. ನಿನ್ನಿ ಇದು ನನ್ನ ಮನಿ ಮ್ಯಾಲೆ ಹಾರಿಹೋತಲ್ಲ ತಂಗಿ, ಆವಾಗ ಅಂಗಳದಾಗ ನಿಂತಿದ್ದೆ. ಒಂದು ಗಳಿಗಿ ಅಂಗಳದಾಗ ಕತ್ತಲಾತು. ಬ್ಯಾಸಗ್ಯಾಗ ಬಯಲಾಗ ನಿಂತು ಕತ್ತಲಿ ನೋಡಿ ಎಷ್ಟು ವರ್ಷ ಆಗಿತ್ತು ನನಗ! ತವರು ನೆನಪಾತು.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಮ್ಮ ತವರಾಗ ಬ್ಯಾಸಗ್ಯಾಗೂ ಮುಂಜಾನೆ ಹುಲ್ಲಿನ ಮ್ಯಾಲ ಇಬ್ಬನಿ ಬೀಳ್ತಿತ್ತು. ಬರಿಗಾಲಿಲೆ ನಡದ್ರ ನೆತ್ತಿತನಕ ತಂಪು. ನಿನ್ನ ಬಟ್ಟಿ ಕೆಳಗ ಬೀಳ್ತೈತೇನು ಇಬ್ಬನಿ?”

“ಇನ್ನೂ ಬಿದ್ದಿಲ್ಲತ್ತಿ. ಬೀಳ್ತೈತೋ ಇಲ್ಲೋ ಗೊತ್ತಿಲ್ಲ.”

“ಹಂಗಾರ ನೋಡೋಣ ತಗೋ. ಗುರುಶಾಂತ, ಗಟ್ಟಿ ಹೊಲಿ.”

ಆ ರಾತ್ರಿ ಅವಳು ಮೈದಾನದ ಅಂಚಿನಲ್ಲೇ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ಬೆಳಗಿನ ಭೋಂಗಾ ಕೂಗಿದಾಗ ನಾವಿಬ್ಬರೇ ಮೊದಲು ಬಟ್ಟೆಯ ಅಂಚು ಎತ್ತಿ ಒಳಗೆ ಬಗ್ಗಿದೆವು. ಓರೆ ಬಿಸಿಲು ನಮ್ಮ ಹಿಂದಿನಿಂದ ಒಳಗೆ ನುಗ್ಗಿತು. ಹುಲ್ಲಿನ ತುದಿತುದಿಯಲ್ಲೂ ಬೆಳಕು ಹೊತ್ತಿಕೊಂಡಿತು. ಎಲ್ಲೆಲ್ಲೂ ಇಬ್ಬನಿ! ಅಂಬವ್ವತ್ತಿ ಚಪ್ಪಲಿ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಹೆಜ್ಜೆ ಇಟ್ಟಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು, ಹುಡುಗಿಯಂತೆ ಕಿಲಕಿಲ ನಗುತ್ತ ಕತ್ತಲೆಯ ಒಳಕ್ಕೆ ನಡೆದುಹೋದಳು. ಆ ಹೊತ್ತಿನಲ್ಲಿ ಮ್ಯಾಚು ನಡೆಯದಿದ್ದರೂ ಚಿಂತೆಯಿಲ್ಲ ಎನ್ನಿಸಿತು ನನಗೆ. ಒಂದು ಕ್ಷಣ ಮಾತ್ರ.

ಇನಾಮದಾರ ಸಾಹೇಬರ ಜೀಪು ಬಂದಾಗ ಬಟ್ಟೆ ಅರ್ಧ ಸುತ್ತಿತ್ತು. ತೆಳ್ಳಗಿನ ಎತ್ತರದ ಮನುಷ್ಯ, ತಲೆಗೆ ಬಿಳಿ ಟೊಪ್ಪಿಗೆ. ಯಾರೊಡನೆಯೂ ಮಾತಾಡದೆ ನೇರವಾಗಿ ಹುಲ್ಲಿಗೆ ಬಂದು ಮಂಡಿಯೂರಿ ಕೈ ಇಟ್ಟರು. ಕೈ ಎತ್ತಿ ನೋಡಿಕೊಂಡರು. ಒದ್ದೆಯಾಗಿತ್ತು. ಪಿಚ್ಚಿನ ಮೇಲೆ ಚೆಂಡು ಪುಟಿಸಿದರು, ಬೀಗದ ಕೈಯ ಮೊನೆ ಚುಚ್ಚಿ ನೋಡಿದರು. ಮೈದಾನದ ಸುತ್ತ ನಿಂತಿದ್ದ ಅಷ್ಟೂ ಕೆಂಪು ಕಣ್ಣುಗಳು ಅವರ ಬೆನ್ನಿಗೇ ಅಂಟಿದ್ದವು.

“ಇದನ್ನ ನೋಡಿಕೊಳ್ಳೋವರು ಯಾರ್ರೀ?” ಎಂದರು. ನಾನು ಕೈ ಎತ್ತುವ ಮೊದಲೇ ನಾಲ್ಕೂ ದಿಕ್ಕಿನಿಂದ “ನಾವು! ನಾವು!” ಎಂದು ಜನ ಕೂಗಿಬಿಟ್ಟರು. ಸಾಹೇಬರು ಮೊದಲ ಸಲ ನಕ್ಕರು. “ಮ್ಯಾಚ್ ಇಲ್ಲೇ ಆಗ್ತದ,” ಎಂದರು. ಆಗ ಎದ್ದ ಗದ್ದಲಕ್ಕೆ ಅವರ ಟೊಪ್ಪಿಗೆ ಕೆಳಗೆ ಬಿತ್ತು.

ಮ್ಯಾಚಿನ ಹಿಂದಿನ ದಿನ ಹೊಳೆಯಾಚೆಯ ತಂಡ ಬಂತು. ಊಟ ಮಾಡಿ ಕುಳಿತು ಅವರು ಆಕಾಶ ನೋಡಿದರು, ಗಡಿಯಾರ ನೋಡಿದರು, ಮತ್ತೆ ಆಕಾಶ ನೋಡಿದರು. “ಇಲ್ಲಿ ಕತ್ತಲ ಯಾವಾಗ ಆಗ್ತದ್ರಿ?” ಎಂದು ಅವರ ಕ್ಯಾಪ್ಟನ್ ಕೇಳಿದ. “ಮಳಿ ಬಂದ ಮ್ಯಾಲ,” ಎಂದ ಇಮಾಮ್. ಆಮೇಲೆ ನನ್ನ ಹತ್ತಿರ ಬಂದು, “ಯಕ್ಕಾ, ಅವರಿಗೆ ನಿದ್ದಿ ಇಲ್ಲದಂಗ ಮಾಡಿ ಗೆದ್ರ ಅದೊಂದು ಗೆಲವಾ? ಬಟ್ಟಿ ಕೆಳಗ ಜಾಗ ಕೊಡು,” ಎಂದ. ಬೌಂಡರಿ ಗೆರೆಯ ಹಗ್ಗದ ಆಚೆಗೆ, ಬಟ್ಟೆಯ ಅಂಚಿನ ಒಳಗೆ, ಸುತ್ತಲೂ ಒಬ್ಬರು ಮಲಗುವಷ್ಟು ಜಾಗವಿತ್ತು. ಚಿಗುರು ತುಳಿದಾರೆಂದು ಅಲ್ಲಿಯವರೆಗೆ ನಾನು ಯಾರನ್ನೂ ಒಳಗೆ ಬಿಟ್ಟಿರಲಿಲ್ಲ. ಅವರು ಒಂದು ಕಡೆ ಮಲಗಿದರು, ನಮ್ಮ ತಂಡ ಇನ್ನೊಂದು ಕಡೆ. ಅವರನ್ನು ಕಂಡು ಊರಿನವರೂ ಒಬ್ಬೊಬ್ಬರಾಗಿ ಚಾಪೆ ಹಿಡಿದು ನುಸುಳಿದರು. ಅಂಬವ್ವತ್ತಿಗೆ ಅತ್ಯಂತ ಕತ್ತಲೆಯ ಮೂಲೆ ಬಿಟ್ಟುಕೊಟ್ಟರು. ನಡುವೆ ಹುಲ್ಲು, ಸುತ್ತ ಊರು, ಮೇಲೆ ಒಂದೇ ಇರುಳು. ಅಂಥ ಸುಖದ ಗೊರಕೆಗಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ.

ಮರುದಿನ ಎಲ್ಲರ ಮುಖವೂ ತೊಳೆದಿಟ್ಟ ಹಾಗಿತ್ತು. ನಾನು ಗೆರೆಯ ಹಗ್ಗದ ಪಕ್ಕದಲ್ಲೇ ರೋಲರ್ ಮೇಲೆ ಹತ್ತಿ ಕುಳಿತೆ. ನನ್ನ ಹುಲ್ಲಿನ ಮೇಲೆ, ಬೇಸಿಗೆಯಲ್ಲಿ, ಬಿಳಿ ಬಟ್ಟೆಯ ಹುಡುಗರು ಓಡಾಡುವುದನ್ನು ಕಂಡು ಮೊದಲ ಒಂದಷ್ಟು ಹೊತ್ತು ಯಾರು ಆಡುತ್ತಿದ್ದಾರೆ ಎಂಬುದೂ ನನಗೆ ತಿಳಿಯಲಿಲ್ಲ. ಅವರು ಮೊದಲು ಆಡಿದರು, ಚೆನ್ನಾಗಿಯೇ ಆಡಿದರು. ನಮ್ಮವರು ಬೆನ್ನಟ್ಟಿದರು. ಇಮಾಮನ ತಾಯಿ ಮಗ ಆಡಲು ಬಂದದ್ದೇ ಕಣ್ಣು ಮುಚ್ಚಿಕೊಂಡಳು. ಅವನು ಬಾರಿಸಿದ ಸದ್ದು ಬಂದಾಗಲೆಲ್ಲ “ಹೋತೇನು? ಹೋತೇನು?” ಎಂದು ಪಕ್ಕದವರನ್ನು ತಿವಿಯುತ್ತಿದ್ದಳು. ವಿಕೆಟ್ ಬಿದ್ದರೆ ಊರು ನಿಟ್ಟುಸಿರಿಡುತ್ತಿತ್ತು, ಚೆಂಡು ಗೆರೆ ದಾಟಿದರೆ ತಮಟೆ ಬಾರಿಸುತ್ತಿತ್ತು. ಕ್ರಿಕೆಟ್ ಆಗದ ನನ್ನ ಗಂಡ, “ನೋಬಾಲ್! ನೋಬಾಲ್!” ಎಂದು ಸುಮ್ಮಸುಮ್ಮನೆ ಕೂಗುತ್ತಿದ್ದ. ಆ ಪದ ಅವನಿಗೆ ಯಾರು ಕಲಿಸಿದರೋ.

ಬಂತು ಕೊನೆಯ ಚೆಂಡು. ಗೆಲ್ಲಲು ನಾಲ್ಕು ಬೇಕು. ಎದುರಿಗೆ ಇಮಾಮ್.

ಚೆಂಡು ಬ್ಯಾಟಿನ ನಡುಮಧ್ಯಕ್ಕೆ ತಗುಲಿದ ಸದ್ದಿಗೇ ಊರು ಎದ್ದು ನಿಂತಿತು. ಇಬ್ಬರು ಫೀಲ್ಡರುಗಳ ನಡುವೆ ತೂರಿಕೊಂಡು, ನೆಲ ಹಿಡಿದು, ಚೆಂಡು ನಾನು ಕುಳಿತ ಕಡೆಗೇ ಧಾವಿಸಿ ಬಂತು. ಹಿಂದೆ ಓಡುತ್ತಿದ್ದ ಹುಡುಗ ಕೈಚೆಲ್ಲಿ ನಡೆಯತೊಡಗಿದ. ಇಮಾಮ್ ಮತ್ತು ಅವನ ಜೊತೆಗಾರ ಎರಡು ರನ್ ಓಡಿ ನಿಂತರು. ಇಮಾಮ್ ಬ್ಯಾಟನ್ನು ಆಕಾಶಕ್ಕೆ ಎತ್ತಿದ. ತಮಟೆ ಶುರುವಾಯಿತು, ಟೊಪ್ಪಿಗೆಗಳು ಹಾರಿದವು.

ನನಗೆ ಮಾತ್ರ ಕಾಣುತ್ತಿತ್ತು. ಚೆಂಡು ನಿಧಾನವಾಗುತ್ತಿತ್ತು. ದಟ್ಟ ಗ‌ರಿಕೆಯಲ್ಲಿ ಒಂದು ಉರುಳು, ಇನ್ನೊಂದು ಉರುಳು. ಹಗ್ಗಕ್ಕೆ ಇನ್ನೊಂದು ಗೇಣು ಇದೆ ಎನ್ನುವಾಗ ಅದು ಹುಲ್ಲಿನಲ್ಲಿ ಹೂತು ನಿಂತುಬಿಟ್ಟಿತು. ಹಿಂದಿನ ಸುಟ್ಟ ನೆಲವಾಗಿದ್ದರೆ ಬೇಲಿಯನ್ನೂ ದಾಟಿ ಹೋಗುತ್ತಿತ್ತು. “ಓಡು ಇಮಾಮಾ!” ಎಂದು ಕಿರುಚಬೇಕು, ಕಿರುಚಿದರೆ ಫೀಲ್ಡರ್ ಕೇಳಿಸಿಕೊಳ್ಳುತ್ತಾನೆ. ಬಾಯಿ ತೆರೆದುಕೊಂಡೇ ಕುಳಿತೆ. ಅಷ್ಟರಲ್ಲಿ ಅವನೇ ನೋಡಿದ. ಹಾರಿ ಬಂದು ಎತ್ತಿ ಎಸೆದ. ಇಮಾಮನಿಗೆ ತಿಳಿದು ಓಡಲು ತಿರುಗುವಷ್ಟರಲ್ಲಿ ವಿಕೆಟ್ಟು ಹಾರಿತ್ತು. ಒಂದು ರನ್ನಿನಿಂದ ಸೋತೆವು.

ತಮಟೆ ನಿಂತಿತು. ಊರಿಗೆ ಊರೇ ನನ್ನ ಕಡೆ ತಿರುಗಿತು. ನಾನು ರೋಲರ್ ಮೇಲಿಂದ ಇಳಿದೆ. ಎಲ್ಲಿ ನಿಲ್ಲಬೇಕೋ, ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಇಮಾಮ್ ಬ್ಯಾಟು ಎಳೆದುಕೊಂಡು ಮೈದಾನದ ಆ ತುದಿಯಿಂದ ಈ ತುದಿಗೆ ನಡೆದು ಬಂದ. ಚೆಂಡು ನಿಂತಿದ್ದ ಜಾಗದಲ್ಲಿ ಕುಕ್ಕರಿಸಿ ಕುಳಿತು ಹುಲ್ಲಿನ ಮೇಲೆ ಕೈಯಾಡಿಸಿದ. ತಲೆ ಎತ್ತಿದಾಗ ಅವನ ಕಣ್ಣಲ್ಲಿ ನೀರಿತ್ತು. “ಏನ್ ಬೆಳಸೀದಿ ಯಕ್ಕಾ,” ಎಂದ. “ಏನ್ ಬೆಳಸೀದಿ!” ಹಾಗೆನ್ನುತ್ತಲೇ ಅವನಿಗೆ ನಗು ಬಂತು. ಬ್ಯಾಟು ಬಿಸಾಕಿ, ಅಂಗಾತ ಬಿದ್ದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಬವ್ವತ್ತಿ ಚಪ್ಪಾಳೆ ತಟ್ಟಿದಳು. ಅವನ ತಾಯಿ ಈಗ ಕಣ್ಣು ತೆರೆದು, “ಗೆದ್ವೇನು?” ಎಂದಳು. ಅದಕ್ಕೆ ಎದ್ದ ನಗೆಯಲ್ಲಿ ತಮಟೆ ಮತ್ತೆ ಸೇರಿಕೊಂಡಿತು. ಗೆದ್ದವರೂ ಬಂದು ಕುಣಿದರು. ಸೋತವರು ಯಾರು ಎಂದು ಹೊರಗಿನವರು ಬಂದು ನೋಡಿದ್ದರೆ ಹೇಳಲಾಗುತ್ತಿರಲಿಲ್ಲ.

ನಗದವನು ಒಬ್ಬನೇ, ನನ್ನ ಗಂಡ. ಗಂಟಲು ಒಡೆದುಹೋಗಿತ್ತು, ಮುಖ ಕೆಂಪಾಗಿತ್ತು. ಜನರನ್ನು ತಳ್ಳಿಕೊಂಡು ನನ್ನೆದುರು ಬಂದು ನಿಂತ.

“ಕತ್ತರಿಸೋ ಮುಂದ ಅಳತಿ ಬ್ಯಾಡೇನು ಲೀಲಾ? ಒಂದ ಎಳಿ ಸಣ್ಣ ಮಾಡಿದ್ರ ಗೆದ್ದಿರ್ತಿದ್ವಿ!”

“ಮುಂದಿನ ಬ್ಯಾಸಗಿಗೆ ಅಳತಿ ನೀವ ತಗೋರಿ,” ಎಂದೆ.

ಅವನು ಕೊರಳಿಗೆ ಹಾಕಿಕೊಂಡಿದ್ದ ಟೇಪನ್ನು ಸರಕ್ಕನೆ ಎಳೆದು, ಹಗ್ಗದಿಂದ ಗೇಣು ದೂರದಲ್ಲಿ ಮಂಡಿಯೂರಿ ಕುಳಿತು, ಒಂದೊಂದೇ ಗರಿಕೆಯನ್ನು ನೆಟ್ಟಗೆ ಎಳೆದು ಹಿಡಿದು ಅಳೆಯತೊಡಗಿದ.